ಬಾಯ್ಲರ್ ಅಂಗಳಕ್ಕೆ ತೆರೆಯುವ ಬಾಗಿಲು

ಕೊರೊನಾ ಕಳೆದು ಕಾರ್ಖಾನೆಗಳು ಮತ್ತೆ ಪೂರ್ತಿ ಪಾಳಿಯಲ್ಲಿ ನಡೆಯತೊಡಗಿದ ಎರಡನೆಯ ವರ್ಷ ಅದು. ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಒಂದು ತೆಂಗಿನಪುಡಿ ಕಾರ್ಖಾನೆಯಲ್ಲಿ ನಾನು ಬಾಯ್ಲರ್ ಅಟೆಂಡೆಂಟ್ ಆಗಿದ್ದೆ. ಎರಡನೇ ದರ್ಜೆಯ ಸರ್ಟಿಫಿಕೇಟು, ಅಲ್ಲಿ ಹನ್ನೊಂದು ವರ್ಷದ ಸೇವೆ. ನನ್ನ ಬಾಯ್ಲರ್ ಗಂಟೆಗೆ ಎರಡು ಟನ್ ಹಬೆ ಕೊಡುವಂಥದ್ದು. ಉರಿಸುತ್ತಿದ್ದುದು ತೆಂಗಿನ ಚಿಪ್ಪನ್ನು.

ನನ್ನ ನೆಂಟರಲ್ಲಿ ಹಲವರು ಇವತ್ತಿಗೂ ನನ್ನನ್ನು ನೀರು ಕಾಯಿಸುವವನು ಎಂದೇ ತಿಳಿದಿದ್ದಾರೆ. ಅದು ಸುಳ್ಳಲ್ಲ. ಆದರೆ ಆ ನೀರು ಹಬೆಯಾಗಿ ಕಬ್ಬಿಣದ ಗೋಡೆಯನ್ನು ಒಳಗಿನಿಂದ ತಳ್ಳುತ್ತಿರುತ್ತದೆ. ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ, ಮೀಟರಿನಲ್ಲಿ ಒತ್ತಡ, ಇವೆರಡನ್ನೂ ಗಂಟೆಗೊಮ್ಮೆ ಲಾಗ್ ಬುಕ್ಕಿನಲ್ಲಿ ಬರೆಯಬೇಕು. ನಮ್ಮದು ಏಳು ಕೆ.ಜಿ. ಒತ್ತಡದಲ್ಲಿ ನಡೆಯುತ್ತಿತ್ತು. ಹತ್ತೂವರೆ ಮುಟ್ಟಿದರೆ ಸೇಫ್ಟಿ ವಾಲ್ವ್ ತಾನಾಗಿ ತೆರೆದುಕೊಂಡು ಹೆಚ್ಚಿನ ಹಬೆಯನ್ನು ಆಕಾಶಕ್ಕೆ ಬಿಡುತ್ತದೆ. ಬಾಯ್ಲರಿನಲ್ಲಿ ಒತ್ತಡ ಇರುವವರೆಗೆ ಅಟೆಂಡೆಂಟ್ ಅದನ್ನು ಬಿಟ್ಟು ಹೋಗುವಂತಿಲ್ಲ. ಹಾಗಾಗಿ ನನ್ನ ಊಟ, ನಮಾಜು ಎರಡೂ ಆ ಶೆಡ್ಡಿನಲ್ಲೇ ಆಗುತ್ತಿದ್ದವು.

ಆ ಕೆಲಸಕ್ಕೆ ನನ್ನನ್ನು ತಂದವರು ಮಾಲೀಕರಾದ ಪರಮೇಶಣ್ಣ. ನಮ್ಮ ತಂದೆ ಅವರ ತಂದೆಯ ಎಣ್ಣೆ ಗಾಣದಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದರು. ತಂದೆ ತೀರಿಕೊಂಡಾಗ ಪರಮೇಶಣ್ಣ ನನ್ನನ್ನು ಕರೆಸಿ, ಹಳೆಯ ಬಾಯ್ಲರಿನ ಬಳಿ ಕೆಲಸ ಕಲಿಸಿ, ಪರೀಕ್ಷೆಯ ದಿನ ತಮ್ಮದೇ ಕಾರಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದರು. ಪಾಸಾದ ಮೇಲೆ, "ಮನೇಲಿಟ್ರೆ ಗೆದ್ದಲು ಹಿಡೀತದೆ, ಆಫೀಸಲ್ಲಿರ್ಲಿ" ಎಂದು ಮೂಲ ಸರ್ಟಿಫಿಕೇಟನ್ನು ತಮ್ಮ ಬೀರುವಿನಲ್ಲಿಟ್ಟುಕೊಂಡರು. ಆಗ ಅದು ಅಕ್ಕರೆಯ ಮಾತಾಗಿಯೇ ಕೇಳಿಸಿತ್ತು.

ಬಾಯ್ಲರ್ ಶೆಡ್ಡಿನ ಮುಂದೆ ಒಂದು ಅಂಗಳ, ಅದರಾಚೆ ಕಾಯಿ ಕೆತ್ತುವ ದೊಡ್ಡ ಕೋಣೆ, ನಮ್ಮ ಬಾಯಲ್ಲಿ ಹಾಲು. ಚಿಪ್ಪು ಬಿಡಿಸಿದ ಇಡೀ ಕಾಯಿಯ ಮೇಲಿನ ಕಂದು ಸಿಪ್ಪೆಯನ್ನು ಚಾಕುವಿನಿಂದ ಕೆತ್ತಿ ಬಿಳಿ ಗುಂಡು ಮಾಡುವುದು ಅಲ್ಲಿನ ಕೆಲಸ. ಹೊನ್ನವಳ್ಳಿ, ಹಾಲ್ಕುರಿಕೆ ಕಡೆಯಿಂದ ಕಾರ್ಖಾನೆಯ ವ್ಯಾನಿನಲ್ಲಿ ಬರುತ್ತಿದ್ದ ಅರವತ್ತು ಹೆಂಗಸರು ನೆಲದ ಮೇಲೆ ಸಾಲಾಗಿ ಕೂತು ಕೆತ್ತುತ್ತಿದ್ದರು. ಹಾಲಿನ ಒಂದು ಕೊನೆಯಲ್ಲಿ ಕಾಯಿಯನ್ನು ಬಿಸಿನೀರಿನಲ್ಲಿ ಅದ್ದುವ ತೊಟ್ಟಿಗಳಿದ್ದವು. ಆ ನೀರನ್ನು ಕಾಯಿಸುತ್ತಿದ್ದುದು ನನ್ನ ಹಬೆಯೇ. ತೊಟ್ಟಿಯಿಂದ ಏಳುವ ಉಗಿಯನ್ನು ಹೊರಗೆಳೆಯಲು ಗೋಡೆಯಲ್ಲಿ ನಾಲ್ಕು ಫ್ಯಾನುಗಳಿದ್ದವು.

ಹಾಲಿಗೆ ಮುಂದೊಂದು ಷಟರ್, ಹಿಂದೊಂದು ಕಬ್ಬಿಣದ ಬಾಗಿಲು. ಹಿಂದಿನದು ನನ್ನ ಅಂಗಳಕ್ಕೆ ತೆರೆಯುತ್ತಿತ್ತು. ಕೆಲವು ಸಲ ಕಾಯಿ ಚೂರುಗಳು ಆ ಬಾಗಿಲಿನಿಂದ ಕಳುವಾಗಿ ಹೊರಗೆ ಹೋದದ್ದುಂಟು. ಅಂದಿನಿಂದ ಪಾಳಿ ಶುರುವಾದ ಕೂಡಲೇ ಅದಕ್ಕೆ ಬೀಗ ಬೀಳತೊಡಗಿತು. ತಪಾಸಣೆಗೆ ಬಂದವರಿಗೆ ತೋರಿಸುವ ಕಾಗದದಲ್ಲಿ ಮಾತ್ರ, "ತುರ್ತು ಸಮಯದಲ್ಲಿ ಬಾಯ್ಲರ್ ಅಟೆಂಡೆಂಟ್ ತೆರೆಯುತ್ತಾರೆ" ಎಂದು ಬರೆದಿತ್ತು. ಬೀಗದ ಕೈ ನನ್ನ ಶೆಡ್ಡಿನ ಮೊಳೆಯಲ್ಲಿ ತೂಗಾಡುತ್ತಿತ್ತು. ಒಳಗೆ ಜನ ಇರುವಾಗ ಬಾಗಿಲಿಗೆ ಬೀಗ ಹಾಕುವುದು ಕಾನೂನಿನಲ್ಲೇ ತಪ್ಪು ಎಂದು ನನಗೆ ಗೊತ್ತಿತ್ತು, ಪರೀಕ್ಷೆಗೆ ಓದಿದ್ದೆ. ಆರು ವರ್ಷ ಸುಮ್ಮನಿದ್ದೆ.

ಆ ವರ್ಷದ ಫೆಬ್ರುವರಿಯಲ್ಲಿ, ಹಬೆಯ ಬಿಸಿಯಲ್ಲಿ ಒಣಗಿಸುವ ಡ್ರೈಯರಿನಲ್ಲಿ ಪುಡಿ ಹೊತ್ತಿಕೊಂಡಿತು. ತೆಂಗಿನಪುಡಿ ಎಣ್ಣೆಯ ಪದಾರ್ಥ, ಒಮ್ಮೆ ಕಿಡಿ ಹಿಡಿದರೆ ಉರಿಗಿಂತ ಹೊಗೆಯೇ ಹೆಚ್ಚು. ಹೊಗೆ ಹಾಲಿಗೆ ನುಗ್ಗಿತು. ಸೈರನ್ ಕೇಳಿದ ಕೂಡಲೇ ನಾನು ಮಾಡಬೇಕಾದ ಮೊದಲ ಕೆಲಸ ಡ್ರೈಯರಿಗೆ ಹೋಗುವ ಹಬೆಯನ್ನು ನಿಲ್ಲಿಸುವುದು. ನಿಲ್ಲಿಸಿದೆ. ಬಾಯ್ಲರಿನ ಒಲೆಗೆ ಗಾಳಿ ಊದುವ ಫ್ಯಾನು ನಿಲ್ಲಿಸಿದೆ. ನೀರಿನ ಮಟ್ಟ ನೋಡಿದೆ. ಆಮೇಲೆ ಬೀಗದ ಕೈ ತೆಗೆದುಕೊಂಡು ಓಡಿದೆ. ಒಟ್ಟು ನಾಲ್ಕು ನಿಮಿಷ ಹಿಡಿದಿರಬೇಕು. ಅಷ್ಟರಲ್ಲಿ ಒಳಗಿದ್ದವರೆಲ್ಲ ಬೀಗ ಬಿದ್ದ ಬಾಗಿಲ ಹತ್ತಿರ ಬಂದು, ಅಲ್ಲಿಂದ ವಾಪಸು ಷಟರಿನ ಕಡೆಗೆ ನುಗ್ಗಿದ್ದರು. ಹಾಲ್ಕುರಿಕೆಯ ರತ್ನಮ್ಮ ಎಂಬಾಕೆ ತೊಯ್ದ ನೆಲದ ಮೇಲೆ ಜಾರಿ ಬಿದ್ದಳು. ಅವಳ ಮೇಲೆಯೇ ಜನ ಹಾದು ಹೋಗಿದ್ದರು. ಸೊಂಟದ ಮೂಳೆ ಮುರಿಯಿತು.

ಮೂರು ದಿನದ ನಂತರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದೇವೀರಮ್ಮ ನನ್ನ ಶೆಡ್ಡಿಗೆ ಬಂದರು. ಹೊನ್ನವಳ್ಳಿಯವರು, ಐವತ್ತು ದಾಟಿದ ಹೆಂಗಸು, ಹಾಲಿನಲ್ಲಿ ಎಲ್ಲರಿಗಿಂತ ಹಳಬರು. ಶೆಡ್ಡಿನೊಳಗೆ ಕಾಲಿಡದೆ ಅಂಗಳದಲ್ಲೇ ನಿಂತು ಕೇಳಿದರು.

"ಬೀಗದ್ ಕೈ ಯಾರತ್ರ ಇತ್ತಪ್ಪ ನಯಾಜು?"

"ನನ್ನತ್ರನೇ ಇತ್ತು ಕಣಮ್ಮ."

"ಜನ ಅಂತಿದ್ರು. ನಿನ್ ಬಾಯಿಂದ್ಲೇ ಕೇಳಾಣ ಅಂತ ಬಂದೆ."

ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಹೇಳಿಕೊಳ್ಳಬಹುದಿತ್ತು.

ಹೆಂಗಸರು ಮೊದಲು ಬಾಯಿಮಾತಿನಲ್ಲಿ ಕೇಳಿದರು: ಪಾಳಿಯ ಹೊತ್ತಿನಲ್ಲಿ ಹಿಂದಿನ ಬಾಗಿಲು ತೆರೆದಿರಬೇಕು. "ನೋಡಾಣ" ಎಂದರು ಪರಮೇಶಣ್ಣ. ಒಂದು ತಿಂಗಳು ಕಳೆಯಿತು, ಬೀಗ ಹಾಗೇ ಇತ್ತು. ಆಗ ದೇವೀರಮ್ಮ ತುಮಕೂರಿನ ಒಬ್ಬ ವಕೀಲೆಯನ್ನು ಕಂಡು ಬಂದರು. ಕಾರ್ಮಿಕ ಸಂಘ ಕಟ್ಟಲು ಏಳು ಜನರ ಸಹಿ ಇದ್ದರೆ ಅರ್ಜಿ ಹಾಕಬಹುದು, ಆದರೆ ಸದಸ್ಯರ ಪಟ್ಟಿ ದೊಡ್ಡದಿದ್ದಷ್ಟೂ ಬಲ ಎಂದು ಆಕೆ ಹೇಳಿದ್ದರಂತೆ. ಹಾಲಿನಲ್ಲಿ ನಲವತ್ತಕ್ಕೂ ಹೆಚ್ಚು ಜನ ಹೆಸರು ಕೊಟ್ಟರು. ಪಟ್ಟಿ ನನ್ನ ಹತ್ತಿರವೂ ಬಂತು.

"ನೀನೊಬ್ಬ ಸೇರ್ಕಂಡ್ರೆ ಹಬೆನೇ ನಮ್ ಕಡೀಗೆ ಬಂದಂಗೆ ಕಣಪ್ಪ" ಎಂದರು ದೇವೀರಮ್ಮ.

"ಪರಮೇಶಣ್ಣನ ಋಣ ಐತೆ ಕಣಮ್ಮ ನನ್ಮೇಲೆ. ಹೆಂಗೆ ಸಹಿ ಹಾಕ್ಲಿ?"

"ಆಗ್ಲಿ ಬುಡು" ಎಂದು ಪಟ್ಟಿಯನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೋದರು.

ಅದೇ ವಾರ ಪರಮೇಶಣ್ಣ ನನ್ನನ್ನು ಆಫೀಸಿಗೆ ಕರೆಸಿದರು. ಹೆಸರು ಕೊಟ್ಟವರು ಯಾರು ಯಾರು ಎಂದು ಕೇಳಿದರು. ಗೊತ್ತಿಲ್ಲ ಎಂದೆ. "ನಿಂಗೂ ಗೊತ್ತಿಲ್ವಾ?" ಎಂದಷ್ಟೇ ಹೇಳಿ ಕಳಿಸಿದರು. ಅವತ್ತಿನಿಂದ ಎರಡು ಕಡೆಯವರೂ ನನ್ನ ಮುಂದೆ ಮಾತು ನಿಲ್ಲಿಸತೊಡಗಿದರು. ಹೆಂಗಸರು ಮಾತಾಡುತ್ತಿದ್ದಾಗ ನಾನು ಹಾದು ಹೋದರೆ ಚಾಕುವಿನ ಸದ್ದು ಮಾತ್ರ ಉಳಿಯುತ್ತಿತ್ತು. ಆಫೀಸಿನವರು ನನ್ನನ್ನು ಕಂಡರೆ ಫೋನಿನಲ್ಲಿ ದನಿ ತಗ್ಗಿಸುತ್ತಿದ್ದರು. ಮನೆಯಲ್ಲಿ ಹೆಂಡತಿ ಶಬಾನಾ ಹೊಲಿಗೆ ಯಂತ್ರದಿಂದ ತಲೆ ಎತ್ತದೆ ಹೇಳಿದಳು, "ಇಬ್ರಿಗೂ ಒಳ್ಳೆಯವನಾಗಿರ್ತೀನಿ ಅನ್ನೋನು ಇಬ್ರಿಗೂ ಬೇಡವಾಗ್ತಾನೆ." ನಾನು ಅವಳ ಮೇಲೆ ರೇಗಿದೆ.

ಸಂಘ ಮುಷ್ಕರದ ನೋಟಿಸನ್ನು ಮೊದಲೇ ಕೊಟ್ಟಿತ್ತು. ಆಫೀಸಿನಲ್ಲಿ ಅದನ್ನು ತೆಗೆದುಕೊಳ್ಳಲಿಲ್ಲ. ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿಯನ್ನು ಕಾರ್ಮಿಕ ಇಲಾಖೆಗೂ ಹಾಕಿದ್ದರು. ಏಪ್ರಿಲ್ ತಿಂಗಳ ಒಂದು ಸೋಮವಾರ, ಎಂದಿನಂತೆ ಏಳು ಗಂಟೆಗೆ ವ್ಯಾನು ಬಂತು. ಹೆಂಗಸರು ಎಂದಿನಂತೆ ಮೊಬೈಲುಗಳನ್ನು ಗೇಟಿನ ಡಬ್ಬದಲ್ಲಿ ಹಾಕಿ ಒಳಗೆ ಹೋದರು. ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತರು. ಚಾಕು ತೆಗೆದು ಮುಂದಿಟ್ಟರು. ಯಾರೂ ಕಾಯಿ ಮುಟ್ಟಲಿಲ್ಲ.

ಎಂಟು ಗಂಟೆಗೆ ಆಫೀಸಿನವರು ಮುಂದಿನ ಷಟರ್ ಎಳೆದು ಬೀಗ ಹಾಕಿದ ಸದ್ದು ಕೇಳಿತು. ನನ್ನ ಫೋನ್ ಹೊಡೆದುಕೊಂಡಿತು.

"ನಯಾಜ್, ಸ್ಟೀಮ್ ಇಳಿಸ್ಬೇಡ. ಎಂದಿನಂಗೆ ಏಳರಲ್ಲೇ ಇರ್ಲಿ" ಎಂದರು ಪರಮೇಶಣ್ಣ.

"ಕೆಲ್ಸ ನಡೀತಿಲ್ಲವಲ್ಲ ಅಣ್ಣ, ಸ್ಟೀಮ್ ಯಾಕೆ?"

"ಮಧ್ಯಾಹ್ನದೊಳಗೆ ಶುರು ಮಾಡ್ತಾರೆ. ರೆಡಿ ಇರ್ಲಿ. ಹಿಂದಿನ್ ಬಾಗ್ಲು ತೆಗೀಬೇಡ."

ನಾನು ಚಿಪ್ಪು ತುಂಬಿದೆ. ಒಂಬತ್ತಕ್ಕೆ ಏಳು ಕೆ.ಜಿ., ಹತ್ತಕ್ಕೆ ಏಳು ಕೆ.ಜಿ. ಎಂದು ಬರೆದೆ. ಡ್ರೈಯರ್ ನಿಂತಿದ್ದರಿಂದ ನನ್ನ ಹಬೆಗೆ ಉಳಿದಿದ್ದ ದಾರಿ ಒಂದೇ, ಹಾಲಿನೊಳಗಿನ ಬಿಸಿನೀರಿನ ತೊಟ್ಟಿಗಳು. ಅವುಗಳ ವಾಲ್ವ್ ಹಾಲಿನ ಹೊರಗೋಡೆಯ ಮೇಲಿತ್ತು, ಒಳಗಿದ್ದವರ ಕೈಗೆ ಎಟುಕುವಂತಿರಲಿಲ್ಲ. ಹತ್ತೂವರೆಯ ಸುಮಾರಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ಹೊಳೆಯಲು ಒಂದು ನಿಮಿಷ ಬೇಕಾಯಿತು. ಗೋಡೆಯ ನಾಲ್ಕೂ ಫ್ಯಾನುಗಳು ನಿಂತಿದ್ದವು. ಅವುಗಳ ಸ್ವಿಚ್ಚು ಇದ್ದದ್ದು ಆಫೀಸಿನಲ್ಲಿ.

ಏಪ್ರಿಲ್ ತಿಂಗಳ ಬಿಸಿಲು, ಮೇಲೆ ತಗಡಿನ ಚಾವಣಿ, ಒಳಗೆ ಕುದಿಯುವ ನೀರಿನ ತೊಟ್ಟಿಗಳು, ಮುಚ್ಚಿದ ಎರಡು ಬಾಗಿಲು. ಆ ಕೋಣೆಯನ್ನು ಕಾಯಿಸುತ್ತಿದ್ದವನು ನಾನು. ಪರಮೇಶಣ್ಣನಿಗೆ ಫೋನ್ ಮಾಡಿದೆ. ತೆಗೆಯಲಿಲ್ಲ. ಮತ್ತೆ ಮಾಡಿದೆ. ಬಾಯ್ಲರ್ ಬಿಟ್ಟು ಆಫೀಸಿಗೆ ಹೋಗುವಂತಿಲ್ಲ ಎಂಬ ನಿಯಮ ನನಗೆ ಬಾಯಿಪಾಠವಾಗಿತ್ತು. ಆ ನಿಯಮವನ್ನು ನಾನು ಅವತ್ತು ಗೋಡೆಯಂತೆ ಬಳಸಿಕೊಂಡು ಅದರ ಹಿಂದೆ ಕೂತಿದ್ದೆ ಎಂದು ಈಗ ಒಪ್ಪಿಕೊಳ್ಳಬಲ್ಲೆ. ಬಾಗಿಲು ನನ್ನ ಶೆಡ್ಡಿನಿಂದ ಇಪ್ಪತ್ತು ಹೆಜ್ಜೆ. ತೆಗೆದರೆ ಕೆಲಸ ಹೋಗುತ್ತದೆ, ಸರ್ಟಿಫಿಕೇಟು ಅವರ ಬೀರುವಿನಲ್ಲಿದೆ, ತಂದೆಯ ಹೆಸರಿದೆ. ತೆಗೆಯದಿದ್ದರೆ ಏನು ಎಂಬುದನ್ನು ಯೋಚಿಸದಿರಲು ನೀರಿನ ಮಟ್ಟವನ್ನೇ ನೋಡುತ್ತಿದ್ದೆ.

ಹನ್ನೆರಡೂವರೆಗೆ ಕಬ್ಬಿಣದ ಬಾಗಿಲನ್ನು ಒಳಗಿನಿಂದ ಯಾರೋ ಬಡಿದರು. ಜೋರಾಗಿ ಅಲ್ಲ, ಪಕ್ಕದ ಮನೆಯವರನ್ನು ಕರೆಯುವಂತೆ ಮೂರು ಸಲ.

"ನಯಾಜು, ಅಲ್ಲಿದೀಯೇನಪ್ಪ?" ದೇವೀರಮ್ಮನ ದನಿ. "ಒಂದ್ ಹುಡ್ಗಿ ಬಿದ್ದೋಗವ್ಳೆ. ಕಣ್ಣು ಬುಡ್ತಿಲ್ಲ. ಬಸ್ರಿ ಕಣಪ್ಪ ಅವ್ಳು."

ಎದ್ದು ಒಲೆಗೆ ಗಾಳಿ ಊದುವ ಫ್ಯಾನನ್ನು ನಿಲ್ಲಿಸಿದೆ. ಬಾಯ್ಲರಿನ ತಲೆಯ ಮೇಲಿನ ಮುಖ್ಯ ವಾಲ್ವಿನ ಚಕ್ರವನ್ನು ಪೂರ್ತಿ ತಿರುಗಿಸಿ ಮುಚ್ಚಿದೆ. ಲಾಗ್ ಬುಕ್ಕಿನಲ್ಲಿ ಹೀಗೆ ಬರೆದೆ: "12.35. ಹಾಲಿನಲ್ಲಿ ಜನ ಸಿಕ್ಕಿಕೊಂಡಿದ್ದಾರೆ. ಎಕ್ಸಾಸ್ಟ್ ಫ್ಯಾನ್ ಬಂದ್. ಒಬ್ಬರಿಗೆ ಪ್ರಜ್ಞೆ ಇಲ್ಲ. ಸ್ಟೀಮ್ ನಿಲ್ಲಿಸಿದ್ದೇನೆ." ಸಹಿ ಮಾಡಿದೆ. ಹೋಗಿ ಬೀಗ ತೆಗೆದೆ.

ಬಾಗಿಲು ತೆರೆದಾಗ ಮುಖಕ್ಕೆ ಬಡಿದ ಬಿಸಿಯನ್ನು ನಾನು ಬಾಯ್ಲರಿನ ಬಾಯಿಯಲ್ಲೂ ಕಂಡಿರಲಿಲ್ಲ. ನಾಲ್ಕು ಜನ ಆ ಹುಡುಗಿಯನ್ನು ಎತ್ತಿಕೊಂಡು ಹೊರಗೆ ಬಂದು ಅಂಗಳದ ನೆರಳಿನಲ್ಲಿ ಮಲಗಿಸಿದರು. ನನ್ನ ಕುಡಿಯುವ ನೀರಿನ ಕೊಡವನ್ನೇ ಕೊಟ್ಟೆ. ಆಂಬುಲೆನ್ಸಿಗೆ ಫೋನ್ ಮಾಡಿ, ಬಾಯ್ಲರಿಗೆ ಓಡಿದೆ. ಒಲೆಯಲ್ಲಿ ಕೆಂಡ ಹಾಗೇ ಇತ್ತು. ಹಬೆಗೆ ಹೋಗಲು ದಾರಿಯಿಲ್ಲದೆ ಒತ್ತಡ ಒಂಬತ್ತು ದಾಟಿತ್ತು. ಉದ್ದನೆಯ ಕೊಕ್ಕೆಯಿಂದ ಕೆಂಡ ಎಳೆಯುತ್ತಿದ್ದಂತೆಯೇ ಸೇಫ್ಟಿ ವಾಲ್ವ್ ತೆರೆದುಕೊಂಡಿತು. ಆ ಸದ್ದು ಕೇಳದವರಿಗೆ ವಿವರಿಸುವುದು ಕಷ್ಟ, ಒಂದು ಮೈಲಿಯವರೆಗೆ ಹಕ್ಕಿಗಳು ಮರ ಬಿಟ್ಟು ಏಳುತ್ತವೆ. ರಸ್ತೆಯಲ್ಲಿ ಬಸ್ಸು, ಸ್ಕೂಟರು ನಿಂತವು. ಅಕ್ಕಪಕ್ಕದ ತೋಟದವರು ಗೇಟಿಗೆ ಬಂದರು. ಯಾರೋ ಪೊಲೀಸರಿಗೂ ಫೋನ್ ಮಾಡಿದರು.

ಪರಮೇಶಣ್ಣ ಓಡಿ ಬಂದರು. ಅವರು ಅಂಗಳ ತಲುಪುವಷ್ಟರಲ್ಲಿ ಹಬೆ ನಿಂತಿತ್ತು. ನಾನು ಒಂದು ವಿಚಿತ್ರವನ್ನು ನೋಡುತ್ತಾ ನಿಂತಿದ್ದೆ. ಹುಡುಗಿಯನ್ನು ಎತ್ತಿ ತಂದಿದ್ದ ನಾಲ್ವರಲ್ಲಿ ಒಬ್ಬಳು ಅವಳ ಬಳಿ ಉಳಿದು, ಮೂವರು ಮತ್ತೆ ಒಳಗೆ ಹೋಗಿ ತಮ್ಮ ಜಾಗದಲ್ಲಿ ಕೂತಿದ್ದರು. ಮಿಕ್ಕವರು ಎದ್ದೇ ಇರಲಿಲ್ಲ.

"ಹೊರಕ್ಕೆ ಬನ್ರಮ್ಮ, ಬಾಗ್ಲು ತೆಗ್ದೈತಲ್ಲ" ಎಂದೆ.

"ನಾವ್ ಹೊರಕ್ಕೆ ಹೋಗಾಕೆ ಕೂತಿಲ್ಲ ಕಣಪ್ಪ" ಎಂದರು ದೇವೀರಮ್ಮ. ತುಟಿ ಒಣಗಿ ಬಿಳಿಯಾಗಿತ್ತು. "ಈಗ ಹೋದ್ರೆ ಹಿಂದ್ಗಡೆ ಬೀಗ ಬೀಳ್ತದೆ, ನಾಳೆ ನಮ್ಮುನ್ನ ಒಳಕ್ಕೆ ಬುಡಲ್ಲ. ಬಾಗ್ಲು ತೆಗ್ದಿರ್ಲಿ. ನಾವು ಇಲ್ಲೇ ಇರ್ತೀವಿ. ಅಷ್ಟೇ ನಾವ್ ಕೇಳಿದ್ದು."

ಪರಮೇಶಣ್ಣ ನನ್ನ ಕಡೆ ತಿರುಗಿದರು. "ಬಾಗ್ಲು ಹಾಕು."

"ಹಾಕಲ್ಲ ಅಣ್ಣ."

"ಸರ್ಟಿಫಿಕೇಟ್ ನನ್ನತ್ರ ಐತೆ, ನೆನಪಿರ್ಲಿ. ನಿಮ್ಮಪ್ಪ ಇದ್ದಿದ್ರೆ ಇವತ್ತು ತಲೆ ತಗ್ಗಿಸ್ತಿದ್ರು."

"ನಮ್ಮಪ್ಪ ಇದ್ದಿದ್ರೆ ಬೆಳಿಗ್ಗೇನೇ ತೆಗೀತಿದ್ರೇನೋ. ತಡ ಮಾಡಿದ್ದು ನಾನು."

ಇದನ್ನು ಧೈರ್ಯದಿಂದ ಹೇಳಿದೆ ಎಂದು ಯಾರೂ ತಿಳಿಯಬಾರದು. ಅವರ ಎದುರು ನಿಲ್ಲಲಾಗದೆ ಹೊಸಿಲ ಮೇಲೆ ಕೂತುಬಿಟ್ಟೆ. ಕೂತ ಮೇಲೆ, ನಾನು ಏಳದೆ ಆ ಬಾಗಿಲನ್ನು ಯಾರೂ ಮುಚ್ಚುವಂತಿಲ್ಲ ಎಂದು ತಿಳಿಯಿತು. ಹಾಗಾಗಿ ಏಳಲಿಲ್ಲ. ಒಳಗಿನವರಿಗೆ ಹೊರಗೆ ಬರುವಂತಿರಲಿಲ್ಲ, ನನಗೆ ಒಳಗೂ ಹೋಗುವಂತಿರಲಿಲ್ಲ, ಹೊರಗೂ ಹೋಗುವಂತಿರಲಿಲ್ಲ. ಆಂಬುಲೆನ್ಸ್ ಬಂದು ಹುಡುಗಿಯನ್ನು ಕರೆದೊಯ್ದದ್ದು, ಪರಮೇಶಣ್ಣ ಅಂಗಳದಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದದ್ದು, ಎಲ್ಲವನ್ನೂ ಅಲ್ಲಿಂದಲೇ ನೋಡಿದೆ.

ನಾಲ್ಕು ಗಂಟೆಗೆ ಕಾರ್ಮಿಕ ನಿರೀಕ್ಷಕರು, ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಬಂದರು. ನಿರೀಕ್ಷಕರು ಮೊದಲು ಕೇಳಿದ್ದು ಲಾಗ್ ಬುಕ್ಕನ್ನು. ನಾನು ಬರೆದಿದ್ದ ಸಾಲುಗಳನ್ನು ಎರಡು ಸಲ ಓದಿ ಫೋಟೋ ತೆಗೆದುಕೊಂಡರು. ಕತ್ತಲಾಗುವ ಮೊದಲೇ ಕೈಬರಹದ ಒಂದು ಒಪ್ಪಂದಕ್ಕೆ ಸಹಿ ಬಿತ್ತು. ಪಾಳಿಯ ಹೊತ್ತಿನಲ್ಲಿ ಹಿಂದಿನ ಬಾಗಿಲಿಗೆ ಬೀಗ ಇರುವುದಿಲ್ಲ, ಒಳಗಿನಿಂದ ತಳ್ಳಿದರೆ ತೆರೆಯುವ ಪಟ್ಟಿ ಹಾಕಿಸಬೇಕು, ಫ್ಯಾನಿನ ಸ್ವಿಚ್ಚು ಹಾಲಿನೊಳಗೇ ಇರಬೇಕು, ರತ್ನಮ್ಮನ ಚಿಕಿತ್ಸೆ ಕಾರ್ಖಾನೆಯದು. ಮುಷ್ಕರ ಮಾಡಿದ ಸಂಘದ ಸದಸ್ಯರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವಂತಿಲ್ಲ. ಆಸ್ಪತ್ರೆಯಿಂದಲೂ ಫೋನ್ ಬಂತು. ಹುಡುಗಿಗೆ ಎಚ್ಚರವಾಗಿತ್ತು, ಮಗುವಿಗೆ ತೊಂದರೆಯಿಲ್ಲ ಎಂದರು. ಆಗ ಹೆಂಗಸರು ಎದ್ದರು. ಹಲವರಿಗೆ ಕಾಲು ಜೋಮು ಹಿಡಿದು, ಒಬ್ಬರನ್ನೊಬ್ಬರು ಹಿಡಿದುಕೊಂಡು ಎದ್ದರು.

ಮರುದಿನ ಬೆಳಿಗ್ಗೆ ಗೇಟಿನ ಕಾವಲುಗಾರ ನನ್ನನ್ನು ಒಳಗೆ ಬಿಡಲಿಲ್ಲ. ಆದೇಶ ಮೀರಿ ಬಾಯ್ಲರ್ ನಿಲ್ಲಿಸಿದ್ದಕ್ಕೆ, ಸೇಫ್ಟಿ ವಾಲ್ವ್ ತೆರೆಯುವಂತೆ ಮಾಡಿ ಅಪಾಯ ತಂದದ್ದಕ್ಕೆ ಕೆಲಸದಿಂದ ತೆಗೆದ ಪತ್ರ ಕೊಟ್ಟ.

ಎರಡು ದಿನದ ನಂತರ ದೇವೀರಮ್ಮ ಮನೆಗೆ ಬಂದರು. ಶಬಾನಾ ಚಹಾ ಕೊಟ್ಟಳು.

"ಲೇಬರ್ ಸಾಹೇಬ್ರನ್ನ ಕೇಳ್ದೋ ಕಣಪ್ಪ. ಒಪ್ಪಂದದಾಗೆ ಸಂಘದೋರು ಅಂತ ಬರ್ದೈತಂತೆ. ನಿನ್ ಹೆಸ್ರು ಪಟ್ಟೀಲಿ ಇಲ್ವಲ್ಲ."

"ಗೊತ್ತು ಕಣಮ್ಮ."

"ಇದ್ದಿದ್ರೆ ನಲ್ವತ್ ಜನ ಗೇಟ್ ಮುಂದೆ ಕೂತ್ಕಬೋದಾಗಿತ್ತು." ಅವರ ಕಣ್ಣು ತುಂಬಿತು. ನನಗೆ ಸಮಾಧಾನ ಹೇಳಲು ಬಂದವರಿಗೆ ಕೊನೆಗೆ ಶಬಾನಾಳೇ ಸಮಾಧಾನ ಹೇಳಬೇಕಾಯಿತು.

ಏಳು ತಿಂಗಳು ಭಾಮೈದನ ಸ್ಕೂಟರ್ ಗ್ಯಾರೇಜಿನಲ್ಲಿ ದುಡಿದೆ. ಮೂಲ ಸರ್ಟಿಫಿಕೇಟ್ ಇಲ್ಲದೆ ಯಾವ ಬಾಯ್ಲರಿನ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ. ನಕಲು ಪ್ರತಿಗೆ ಇಲಾಖೆಗೆ ಅರ್ಜಿ ಹಾಕಿ ಕಾಯುತ್ತಿದ್ದಾಗ, ಒಂದು ಬೆಳಿಗ್ಗೆ ಪರಮೇಶಣ್ಣನ ಕಾರು ಗ್ಯಾರೇಜಿನ ಮುಂದೆ ನಿಂತಿತು. ಇಳಿಯಲಿಲ್ಲ. ಗಾಜು ಇಳಿಸಿ ಪ್ಲಾಸ್ಟಿಕ್ ಕವರೊಂದನ್ನು ಚಾಚಿದರು. ನನ್ನ ಸರ್ಟಿಫಿಕೇಟು.

"ಅವತ್ತು ಫ್ಯಾನ್ ಆಫ್ ಮಾಡ್ಸಿದ್ದು ನಾನೇ ಕಣಯ್ಯ" ಎಂದರು. "ಒಂದರ್ಧ ಗಂಟೆ ಅಂದ್ಕೊಂಡಿದ್ದೆ. ಆಮೇಲೆ ಆನ್ ಮಾಡ್ಸಿದ್ರೆ ಸೋತಂಗಾಗ್ತದೆ ಅನ್ನಿಸ್ತು." ನಾನು ಎಣ್ಣೆ ಕೈಯನ್ನು ಒರೆಸಿಕೊಂಡು ಕವರನ್ನು ಇಸಿದುಕೊಂಡೆ. ಕೆಲಸಕ್ಕೆ ಮರಳಿ ಬಾ ಎಂದು ಅವರು ಕರೆಯಲಿಲ್ಲ, ನಾನೂ ಕೇಳಲಿಲ್ಲ.

ಈ ವೃತ್ತಿ ನನಗೆ ಕಲಿಸಿದ್ದನ್ನು ಹೇಳುವುದಾದರೆ, ನಾನು ಹನ್ನೊಂದು ವರ್ಷ ನನ್ನ ಯಂತ್ರದ ಬಗ್ಗೆ ಎಲ್ಲ ತಿಳಿದುಕೊಂಡಿದ್ದೆ, ಅದರ ಹಬೆ ಯಾರ ಮೈಗೆ ತಾಗುತ್ತದೆ ಎಂಬುದನ್ನು ತಿಳಿದುಕೊಳ್ಳಲು ಹೋಗಿರಲಿಲ್ಲ. ಎರಡನೆಯದು, ಒಳ್ಳೆಯವನಾಗಿ ಒಂಟಿಯಾಗಿ ನಿಲ್ಲುವುದಕ್ಕಿಂತ ಹೆದರಿಕೊಂಡಾದರೂ ಹತ್ತು ಜನರ ಜೊತೆ ಕೂರುವುದು ಮೇಲು.

ಆ ನಂತರ ಎರಡು ಕಡೆ ಸಂದರ್ಶನಕ್ಕೆ ಹೋದೆ. ಎರಡೂ ಕಡೆ ಕೊನೆಯಲ್ಲಿ, ನಿಮ್ಮದೇನಾದರೂ ಕೇಳುವುದಿದೆಯೇ ಎಂದರು. ಬಾಯ್ಲರನ್ನು ಆಮೇಲೆ ನೋಡುತ್ತೇನೆ, ಮೊದಲು ಜನ ಕೂತು ಕೆಲಸ ಮಾಡುವ ಜಾಗ ತೋರಿಸಿ ಎಂದೆ. ಮೊದಲನೆಯ ಕಡೆ, ಅದು ನಿಮಗೆ ಸಂಬಂಧಪಟ್ಟದ್ದಲ್ಲ ಎಂದರು. ಅಲ್ಲಿ ಕೆಲಸ ಸಿಗಲಿಲ್ಲ. ಎರಡನೆಯದು ಚಿಕ್ಕನಾಯಕನಹಳ್ಳಿಯಿಂದ ಶೆಟ್ಟಿಕೆರೆ ಕಡೆಗೆ ಹೋಗುವ ದಾರಿಯಲ್ಲಿತ್ತು. ಅಲ್ಲಿನ ಮ್ಯಾನೇಜರಮ್ಮ ನನ್ನನ್ನು ಒಮ್ಮೆ ನೋಡಿ, ಮೇಜಿನ ಕೆಳಗಿನ ಚಪ್ಪಲಿಯನ್ನು ಕಾಲಿನಿಂದ ಹುಡುಕಿ ಮೆಟ್ಟಿಕೊಂಡು ಎದ್ದರು.

"ಬನ್ರೀ, ತೋರಿಸ್ತೀನಿ" ಎಂದರು.